ಕಿಮ್ಮೊ ಟಿಮೊನೆನ್

ಕಿಮ್ಮೊ ಟಿಮೊನೆನ್ (ಜನನ: ಮಾರ್ಚ್ 18, 1975) ಫಿನ್ಲೆಂಡ್ ದೇಶದ ನಿವೃತ್ತ ಐಸ್ ಹಾಕಿ ಆಟಗಾರರು. ರಕ್ಷಣಾ ವಿಭಾಗದಲ್ಲಿ ಆಡುತ್ತಿದ್ದ ಇವರು ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) 1998ರಿಂದ 2015ರವರೆಗೆ ನ್ಯಾಶ್‌ವಿಲ್ ಪ್ರೆಡೇಟರ್ಸ್, ಫಿಲಡೆಲ್ಫಿಯಾ ಫ್ಲೈಯರ್ಸ್ ಮತ್ತು ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಎಂಬ ಮೂರು ತಂಡಗಳ ಪರವಾಗಿ 1,108 ಪಂದ್ಯಗಳನ್ನು ಆಡಿದರು. ಈ ಪಂದ್ಯಗಳಲ್ಲಿ 117 ಗೋಲುಗಳನ್ನು ಗಳಿಸಿ, ಸಹ ಆಟಗಾರರ 454 ಗೋಲುಗಳಿಗೆ ನೆರವಾದರು. ಫಿನ್ಲೆಂಡ್ ರಾಷ್ಟ್ರೀಯ ತಂಡದ ಸದಸ್ಯರಾಗಿ ಐದು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿ ನಾಲ್ಕು ಪದಕಗಳನ್ನು ಪಡೆದರು.

ಎತ್ತರದಲ್ಲಿಯೂ ದೇಹತೂಕದಲ್ಲಿಯೂ ತಮ್ಮ ಸಮಕಾಲೀನ ರಕ್ಷಣಾ ಆಟಗಾರರಿಗಿಂತ ಚಿಕ್ಕವರಾಗಿದ್ದ ಟಿಮೊನೆನ್, ಚುರುಕಾದ ಸ್ಕೇಟಿಂಗ್, ನಿಖರವಾದ ಪಾಸ್ ಮತ್ತು ಆಟದ ಗತಿಯನ್ನು ಮೊದಲೇ ಗ್ರಹಿಸುವ ಬುದ್ಧಿಯಿಂದ ಹೆಸರಾದರು. 2014ರಲ್ಲಿ ಕಾಲು ಮತ್ತು ಶ್ವಾಸಕೋಶಗಳಲ್ಲಿ ರಕ್ತ ಹೆಪ್ಪುಗಟ್ಟಿದ ಕಾರಣ ಇವರ ಆಟ ಅಲ್ಲಿಗೆ ಮುಗಿಯಿತೆಂದೇ ಅನೇಕರು ಭಾವಿಸಿದ್ದರು. ಆದರೆ ಚೇತರಿಸಿಕೊಂಡು ಮರಳಿ, 2015ರ ಜೂನ್‌ನಲ್ಲಿ ಶಿಕಾಗೊ ತಂಡದೊಡನೆ ಸ್ಟ್ಯಾನ್ಲಿ ಕಪ್ ಗೆದ್ದು, ಅದರೊಂದಿಗೇ ನಿವೃತ್ತರಾದರು.

## ಕ್ರೀಡೆ ಮತ್ತು ರಕ್ಷಣಾ ಆಟಗಾರನ ಪಾತ್ರ

ಐಸ್ ಹಾಕಿಯು ಭಾರತದಲ್ಲಿ ಬಳಕೆಯಲ್ಲಿರುವ ಮೈದಾನದ ಹಾಕಿಗಿಂತ ಭಿನ್ನವಾದ ಕ್ರೀಡೆ. ಹಿಮಗಟ್ಟಿಸಿದ ಅಂಕಣದ ಮೇಲೆ, ಸ್ಕೇಟ್ ಧರಿಸಿದ ಆಟಗಾರರು ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆದು ಆಡುತ್ತಾರೆ. ಪಕ್‌ನ ತೂಕ ಸುಮಾರು 160 ಗ್ರಾಂ. ಬಲವಾದ ಹೊಡೆತಕ್ಕೆ ಅದು ಗಂಟೆಗೆ 150 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸಾಗುತ್ತದೆ. ಪ್ರತಿ ತಂಡದಿಂದ ಏಕಕಾಲಕ್ಕೆ ಆರು ಮಂದಿ ಅಂಕಣದಲ್ಲಿರುತ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಣಾ ಆಟಗಾರರು, ಮೂವರು ಮುಂಚೂಣಿ ಆಟಗಾರರು. ಪಂದ್ಯವು ತಲಾ 20 ನಿಮಿಷಗಳ ಮೂರು ಅವಧಿಗಳಲ್ಲಿ ನಡೆಯುತ್ತದೆ. ಆಟದ ವೇಗ ಅತಿಯಾಗಿರುವುದರಿಂದ ಆಟಗಾರರು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಆಡಿ, ಬದಲಿ ಆಟಗಾರರಿಗೆ ಸ್ಥಳ ಬಿಟ್ಟುಕೊಟ್ಟು, ದಣಿವಾರಿಸಿಕೊಂಡು ಮತ್ತೆ ಇಳಿಯುತ್ತಾರೆ.

ರಕ್ಷಣಾ ಆಟಗಾರನ ಕೆಲಸ ಮುಖ್ಯವಾಗಿ ಮೂರು ಬಗೆಯದು. ಎದುರಾಳಿಯನ್ನು ಗೋಲಿನ ಹತ್ತಿರಕ್ಕೆ ಬಿಡದೆ ತಡೆಯುವುದು ಮೊದಲನೆಯದು. ಕಸಿದುಕೊಂಡ ಪಕ್ಕನ್ನು ಸುರಕ್ಷಿತವಾಗಿ ತನ್ನ ಮುಂಚೂಣಿ ಆಟಗಾರರಿಗೆ ತಲುಪಿಸುವುದು ಎರಡನೆಯದು. ಎದುರಾಳಿ ತಂಡದ ಆಟಗಾರನೊಬ್ಬ ದಂಡನೆಗೊಳಗಾಗಿ ಹೊರಗೆ ಕುಳಿತಿರುವಾಗ ದೊರೆಯುವ ಸಂಖ್ಯಾಬಲದ ಅವಕಾಶವನ್ನು ಪವರ್ ಪ್ಲೇ ಎನ್ನುತ್ತಾರೆ. ಆಗ ಹಿಂದೆ ನಿಂತು ದಾಳಿಯನ್ನು ನಿರ್ದೇಶಿಸುವುದು ಮೂರನೆಯ ಕೆಲಸ. ಈ ಮೂರರಲ್ಲಿ ಕೊನೆಯದು ಮಾತ್ರ ಗೋಲು ಮತ್ತು ನೆರವುಗಳ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಮೊದಲಿನ ಎರಡು ಸರಿಯಾಗಿ ನಡೆದಾಗ ಅಪಾಯವೇ ಹುಟ್ಟುವುದಿಲ್ಲವಾದ್ದರಿಂದ ಅವು ನೋಡುಗರ ಗಮನಕ್ಕೆ ಬರುವುದು ಕಡಿಮೆ. ತಪ್ಪಿದಾಗಲಂತೂ ಎಲ್ಲರಿಗೂ ಕಾಣುತ್ತದೆ. ಟಿಮೊನೆನ್ ಅವರ ಆಟದ ಬೆಲೆಯನ್ನು ಅರಿಯಲು ಈ ಹಿನ್ನೆಲೆ ಅಗತ್ಯ.

## ಆರಂಭಿಕ ಜೀವನ

ಟಿಮೊನೆನ್ ಹುಟ್ಟಿದ್ದು ಫಿನ್ಲೆಂಡಿನ ಕುವೊಪಿಯೊ ನಗರದಲ್ಲಿ. ದೇಶದ ಪೂರ್ವ ಭಾಗದ ಸಾವೊ ಪ್ರಾಂತ್ಯದಲ್ಲಿ, ಕಲ್ಲವೆಸಿ ಸರೋವರದ ದಡದಲ್ಲಿರುವ ಈ ನಗರವು ರಾಜಧಾನಿ ಹೆಲ್ಸಿಂಕಿಯಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದಲ್ಲಿದೆ. ಇಲ್ಲಿನ ಪ್ರಮುಖ ಹಾಕಿ ಸಂಸ್ಥೆ ಕಾಲೆವಾನ್ ಪಾಲ್ಲೊ, ಸಂಕ್ಷಿಪ್ತವಾಗಿ ಕಾಲ್ಪಾ. ಟಿಮೊನೆನ್ ಈ ಸಂಸ್ಥೆಯಲ್ಲೇ ಬೆಳೆದು, ಹದಿಹರೆಯದಲ್ಲೇ ಅದರ ಹಿರಿಯರ ತಂಡಕ್ಕೆ ಬಂದರು. ಮುಂದೆ ಎನ್‌ಎಚ್‌ಎಲ್‌ನಲ್ಲಿ ಹೆಸರು ಮಾಡಿದ ಸಾಮಿ ಕಾಪಾನೆನ್ ಅವರೂ ಕಾಲ್ಪಾ ತಂಡದಿಂದಲೇ ಬೆಳಕಿಗೆ ಬಂದವರು. ಟಿಮೊನೆನ್ ಅವರ ತಮ್ಮ ಯುಸ್ಸಿ ಟಿಮೊನೆನ್ ಕೂಡ ರಕ್ಷಣಾ ಆಟಗಾರರಾಗಿದ್ದು, 2006–07ರಲ್ಲಿ ಫಿಲಡೆಲ್ಫಿಯಾ ತಂಡದ ಪರ ಆಡಿದ್ದರು.

## ಫಿನ್ಲೆಂಡಿನಲ್ಲಿ ವೃತ್ತಿಜೀವನ

ಎನ್‌ಎಚ್‌ಎಲ್ ತಂಡಗಳು ಪ್ರತಿವರ್ಷವೂ ಯುವ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಪ್ರಕ್ರಿಯೆಗೆ ಡ್ರಾಫ್ಟ್ ಎಂದು ಹೆಸರು. 1993ರ ಡ್ರಾಫ್ಟ್‌ನಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ತಂಡವು 18 ವರ್ಷದ ಟಿಮೊನೆನ್ ಅವರನ್ನು ಹತ್ತನೆಯ ಸುತ್ತಿನಲ್ಲಿ ಆರಿಸಿತು. ಆ ವರ್ಷ ಆಯ್ಕೆಯಾದ ಒಟ್ಟು 286 ಮಂದಿಯಲ್ಲಿ ಇವರ ಸ್ಥಾನ 250ನೆಯದು. ಇಷ್ಟು ತಡವಾಗಿ ಆಯ್ಕೆಯಾದವರಲ್ಲಿ ಹೆಚ್ಚಿನವರಿಗೆ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನಾಡುವ ಅವಕಾಶವೂ ದೊರೆಯುವುದಿಲ್ಲ. ಅದೇ ಡ್ರಾಫ್ಟ್‌ನಲ್ಲಿ ಎರಡನೆಯ ಸ್ಥಾನದಲ್ಲಿ ಆಯ್ಕೆಯಾದವರು ಕೆನಡಾದ ಎತ್ತರದ ಆಳು, ರಕ್ಷಣಾ ಆಟಗಾರ ಕ್ರಿಸ್ ಪ್ರೋಂಗರ್. ಹದಿನಾರು ವರ್ಷಗಳ ಬಳಿಕ ಇವರಿಬ್ಬರೂ ಫಿಲಡೆಲ್ಫಿಯಾದ ಒಂದೇ ರಕ್ಷಣಾ ಪಡೆಯಲ್ಲಿ ಜೊತೆಯಾದರು.

ಡ್ರಾಫ್ಟ್ ಆದ ನಂತರವೂ ಟಿಮೊನೆನ್ ಐದು ವರ್ಷ ಸ್ವದೇಶದಲ್ಲೇ ಉಳಿದು ಆಟವನ್ನು ಪಕ್ವಗೊಳಿಸಿಕೊಂಡರು. ಕಾಲ್ಪಾದಿಂದ ಟುರ್ಕು ನಗರದ ಟಿಪಿಎಸ್ ತಂಡಕ್ಕೆ ಹೋಗಿ, 1994–95ರಲ್ಲಿ ಆ ತಂಡದೊಡನೆ ಫಿನ್ಲೆಂಡಿನ ಅಗ್ರ ಲೀಗ್ ಆದ ಎಸ್‌ಎಮ್-ಲೀಗಾ ಪ್ರಶಸ್ತಿಯನ್ನು ಗೆದ್ದರು. 1997–98ರಲ್ಲಿ ಹೆಲ್ಸಿಂಕಿಯ ಎಚ್‌ಐಎಫ್‌ಕೆ ತಂಡದೊಡನೆ ಮತ್ತೊಮ್ಮೆ ಅದೇ ಪ್ರಶಸ್ತಿ ಪಡೆದರು. ಅದೇ ಚಳಿಗಾಲದಲ್ಲಿ ನಾಗಾನೊ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕವೂ ದೊರೆಯಿತು. ಹೀಗೆ ಅಮೆರಿಕಕ್ಕೆ ಹೊರಡುವ ಹೊತ್ತಿಗೆ ಅವರು 23 ವರ್ಷದ ಪಳಗಿದ ಆಟಗಾರರಾಗಿದ್ದರು.

## ಎನ್‌ಎಚ್‌ಎಲ್ ವೃತ್ತಿಜೀವನ

### ನ್ಯಾಶ್‌ವಿಲ್ ಪ್ರೆಡೇಟರ್ಸ್ (1998–2007)

1998ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಹೊಸ ತಂಡವೊಂದು ಆರಂಭವಾಯಿತು. ಹೊಸ ತಂಡಕ್ಕೆ ಆಟಗಾರರನ್ನು ಒದಗಿಸಲು ಹಳೆಯ ತಂಡಗಳು ತಮ್ಮಲ್ಲಿನ ಕೆಲವರನ್ನು ಬಿಟ್ಟುಕೊಡಬೇಕಾಗಿತ್ತು. ಲಾಸ್ ಏಂಜಲೀಸ್ ತಂಡವು ತನ್ನ ಅನುಭವಿ ರಕ್ಷಣಾ ಆಟಗಾರ ಗ್ಯಾರಿ ಗ್ಯಾಲಿ ಅವರನ್ನು ಉಳಿಸಿಕೊಳ್ಳುವ ಸಲುವಾಗಿ ಮಾಡಿಕೊಂಡ ಒಪ್ಪಂದದಲ್ಲಿ ಟಿಮೊನೆನ್ ಮತ್ತು ಯಾನ್ ವೊಪಾಟ್ ಅವರನ್ನು ನ್ಯಾಶ್‌ವಿಲ್‌ಗೆ ನೀಡಿತು. ಒಬ್ಬ ಹಿರಿಯ ಆಟಗಾರನನ್ನು ಉಳಿಸಿಕೊಳ್ಳಲು ತೆತ್ತ ಬೆಲೆಯಾಗಿ ಬಂದ ಟಿಮೊನೆನ್, ಮುಂದೆ ನ್ಯಾಶ್‌ವಿಲ್ ತಂಡದ ಆಧಾರಸ್ತಂಭವಾದರು.

ಮೊದಲ ವರ್ಷದ ಒಂದು ಭಾಗವನ್ನು ಅವರು ಕೆಳಹಂತದ ಲೀಗ್‌ನ ಮಿಲ್ವಾಕಿ ಅಡ್ಮಿರಲ್ಸ್ ತಂಡದಲ್ಲಿ ಕಳೆದರು. ಆ ಋತುವಿನಲ್ಲಿ ನ್ಯಾಶ್‌ವಿಲ್ ಪರ 50 ಪಂದ್ಯಗಳನ್ನಾಡಿದ ಬಳಿಕ ಅವರ ಸ್ಥಾನ ಭದ್ರವಾಯಿತು. ತರಬೇತುದಾರ ಬ್ಯಾರಿ ಟ್ರಾಟ್ಜ್ ಅವರ ಮಾರ್ಗದರ್ಶನದಲ್ಲಿ ತಂಡ ನಿಧಾನವಾಗಿ ಬೆಳೆಯಿತು. ಹಾಕಿಗೆ ಹೆಚ್ಚಿನ ಪರಂಪರೆಯಿಲ್ಲದ ದಕ್ಷಿಣದ ನಗರದಲ್ಲಿ ಆರಂಭದ ಐದು ವರ್ಷ ತಂಡಕ್ಕೆ ಪ್ಲೇಆಫ್ ಹಂತ ದಕ್ಕಲಿಲ್ಲ. 2004ರಲ್ಲಿ ಮೊದಲ ಬಾರಿಗೆ ಆ ಹಂತ ತಲುಪಿತಾದರೂ ಡೆಟ್ರಾಯಿಟ್ ತಂಡಕ್ಕೆ ಸೋತಿತು.

2004–05ರಲ್ಲಿ ಆಟಗಾರರಿಗೂ ತಂಡಗಳ ಮಾಲೀಕರಿಗೂ ವೇತನದ ವಿಷಯದಲ್ಲಿ ಒಮ್ಮತವಾಗದೆ ಎನ್‌ಎಚ್‌ಎಲ್‌ನ ಇಡೀ ಋತು ರದ್ದಾಯಿತು. ಆ ಅವಧಿಯಲ್ಲಿ ಟಿಮೊನೆನ್ ಫಿನ್ಲೆಂಡಿನ ಲುಕ್ಕೊ ಮತ್ತು ಸ್ವೀಡನ್ನಿನ ಬ್ರೀನಾಸ್ ತಂಡಗಳಲ್ಲಿ ಆಡಿದರು. ಇವುಗಳ ಜೊತೆಗೆ, ಆಗ ಎರಡನೆಯ ದರ್ಜೆಯ ಲೀಗ್‌ಗೆ ಇಳಿದಿದ್ದ ತಮ್ಮ ಹುಟ್ಟೂರಿನ ಕಾಲ್ಪಾ ತಂಡಕ್ಕೂ ಆಡಿದರು. 2005ರಲ್ಲಿ ಕಾಲ್ಪಾ ಮತ್ತೆ ಅಗ್ರ ಲೀಗ್‌ಗೆ ಬಡ್ತಿ ಪಡೆಯಿತು. ಸಾಮಿ ಕಾಪಾನೆನ್ ಅವರಂತೆ ಟಿಮೊನೆನ್ ಅವರೂ ಈ ಸಂಸ್ಥೆಯ ಒಡೆತನದಲ್ಲಿ ಪಾಲು ಪಡೆದವರು.

2006ರಲ್ಲಿ ನಾಯಕ ಗ್ರೆಗ್ ಜಾನ್ಸನ್ ನಿವೃತ್ತರಾದಾಗ ಟಿಮೊನೆನ್ ನ್ಯಾಶ್‌ವಿಲ್ ತಂಡದ ಮೂರನೆಯ ನಾಯಕರಾದರು. ನಾಯಕರಾಗಿದ್ದ 2006–07ರ ಋತುವೇ ಅಂಕಗಳ ಲೆಕ್ಕದಲ್ಲಿ ಅವರ ಅತ್ಯುತ್ತಮ ಋತು: 80 ಪಂದ್ಯಗಳಲ್ಲಿ 13 ಗೋಲು ಮತ್ತು 42 ನೆರವು. ತಂಡ 110 ಅಂಕ ಗಳಿಸಿ ಅಲ್ಲಿಯವರೆಗಿನ ತನ್ನ ಶ್ರೇಷ್ಠ ಸಾಧನೆ ಮಾಡಿತು. ಆದರೆ ಹಿಂದಿನ ವರ್ಷದಂತೆಯೇ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಸ್ಯಾನ್ ಹೋಸೆ ತಂಡದೆದುರು ಸೋತು ಹೊರಬಿದ್ದಿತು. ನ್ಯಾಶ್‌ವಿಲ್‌ನಲ್ಲಿ ಎಂಟು ಋತುಗಳನ್ನು ಕಳೆದ ಟಿಮೊನೆನ್ ಅಲ್ಲಿದ್ದಾಗ ತಂಡವು ಪ್ಲೇಆಫ್‌ನ ಒಂದು ಸುತ್ತನ್ನೂ ಗೆಲ್ಲಲಿಲ್ಲ.

### ಫಿಲಡೆಲ್ಫಿಯಾ ಫ್ಲೈಯರ್ಸ್ (2007–2014)

2007ರ ಜೂನ್‌ನಲ್ಲಿ ಟಿಮೊನೆನ್ ಮತ್ತು ಮುಂಚೂಣಿ ಆಟಗಾರ ಸ್ಕಾಟ್ ಹಾರ್ಟ್‌ನೆಲ್ ಇಬ್ಬರ ಒಪ್ಪಂದಗಳೂ ಮುಗಿಯುವುದರಲ್ಲಿದ್ದವು. ಅವರನ್ನು ಉಳಿಸಿಕೊಳ್ಳಲಾಗದೆಂದು ಕಂಡ ನ್ಯಾಶ್‌ವಿಲ್, ಮೊದಲ ಸುತ್ತಿನ ಒಂದು ಡ್ರಾಫ್ಟ್ ಅವಕಾಶಕ್ಕೆ ಬದಲಾಗಿ ಇಬ್ಬರೊಡನೆ ಮಾತುಕತೆ ನಡೆಸುವ ಹಕ್ಕನ್ನು ಫಿಲಡೆಲ್ಫಿಯಾಕ್ಕೆ ನೀಡಿತು. ಟಿಮೊನೆನ್ ಆರು ವರ್ಷಗಳಿಗೆ 3.78 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದರು. ಹಿಂದಿನ ಋತುವಿನಲ್ಲಿ ಫಿಲಡೆಲ್ಫಿಯಾ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿತ್ತು. ಟಿಮೊನೆನ್ ಬಂದ ಮೊದಲ ವರ್ಷವೇ ತಂಡ ಪೂರ್ವ ವಲಯದ ಫೈನಲ್ ತಲುಪಿತು. ಆದರೆ ಆ ಹಂತದಲ್ಲಿ ಅವರ ಪಾದದ ಗಂಟಿನ ಬಳಿ ರಕ್ತ ಹೆಪ್ಪುಗಟ್ಟಿರುವುದು ಪತ್ತೆಯಾಗಿ, ಪಿಟ್ಸ್‌ಬರ್ಗ್ ವಿರುದ್ಧದ ಸರಣಿಯ ಮೊದಲ ನಾಲ್ಕು ಪಂದ್ಯಗಳನ್ನು ಅವರು ಆಡಲಾಗಲಿಲ್ಲ. ಐದನೆಯ ಪಂದ್ಯಕ್ಕೆ ಮರಳಿದರೂ ಅದರಲ್ಲಿ ಸೋತು ತಂಡ ಹೊರನಡೆಯಿತು.

2009ರಲ್ಲಿ ಕ್ರಿಸ್ ಪ್ರೋಂಗರ್ ತಂಡ ಸೇರಿದ ಮೇಲೆ ಫಿಲಡೆಲ್ಫಿಯಾದ ರಕ್ಷಣಾ ಪಡೆ ಬಲಗೊಂಡಿತು. ಟಿಮೊನೆನ್ ಅವರು ಬ್ರೇಡನ್ ಕೋಬರ್ನ್ ಅವರೊಡನೆ ಜೋಡಿಯಾಗಿ ಆಡುತ್ತಿದ್ದರು. 2009–10ರಲ್ಲಿ ತಂಡ ಲೀಗ್ ಹಂತದ ಕೊನೆಯ ದಿನವಷ್ಟೇ ಪ್ಲೇಆಫ್‌ಗೆ ಅರ್ಹತೆ ಪಡೆಯಿತು. ಎರಡನೆಯ ಸುತ್ತಿನಲ್ಲಿ ಬಾಸ್ಟನ್ ವಿರುದ್ಧ ಮೊದಲ ಮೂರು ಪಂದ್ಯಗಳನ್ನು ಸೋತು, ಉಳಿದ ನಾಲ್ಕನ್ನೂ ಗೆದ್ದು ಮುನ್ನಡೆಯಿತು. ಎನ್‌ಎಚ್‌ಎಲ್‌ನ ಇತಿಹಾಸದಲ್ಲಿ ಇಂಥ ಗೆಲುವು ಬಹಳ ಅಪರೂಪ.

ಫೈನಲ್‌ನಲ್ಲಿ ಎದುರಾಳಿ ಶಿಕಾಗೊ ಬ್ಲ್ಯಾಕ್‌ಹಾಕ್ಸ್. 2010ರ ಜೂನ್ 9ರಂದು ಫಿಲಡೆಲ್ಫಿಯಾದಲ್ಲಿ ಆರನೆಯ ಪಂದ್ಯ ನಡೆದಾಗ ಶಿಕಾಗೊ 3–2ರಿಂದ ಸರಣಿಯಲ್ಲಿ ಮುಂದಿತ್ತು. ನಿಗದಿತ ಸಮಯ ಮುಗಿಯಲು ನಾಲ್ಕು ನಿಮಿಷಗಳಷ್ಟೇ ಉಳಿದಿದ್ದಾಗ ಹಾರ್ಟ್‌ನೆಲ್ ಗೋಲು ಗಳಿಸಿ ಪಂದ್ಯವನ್ನು 3–3ಕ್ಕೆ ತಂದರು. ಹೆಚ್ಚುವರಿ ಅವಧಿಯ ಐದನೆಯ ನಿಮಿಷದಲ್ಲಿ ಶಿಕಾಗೊದ 21 ವರ್ಷದ ಪ್ಯಾಟ್ರಿಕ್ ಕೇನ್ ಎಡಬದಿಯಲ್ಲಿ ಪಕ್ ಹಿಡಿದು ಬಂದಾಗ ಅವರನ್ನು ತಡೆಯಲು ನಿಂತಿದ್ದವರು ಟಿಮೊನೆನ್. ಕೇನ್ ಅವರನ್ನು ದಾಟಿ, ಕಿರಿದಾದ ಕೋನದಿಂದ ಗೋಲಿನತ್ತ ಹೊಡೆದರು. ಪಕ್ ಗೋಲಿನ ಬಲೆಯ ಬುಡದಲ್ಲಿ ಸಿಕ್ಕಿಕೊಂಡು ಮರೆಯಾದದ್ದರಿಂದ ಗೋಲಾದದ್ದು ಕ್ಷಣಕಾಲ ಹೆಚ್ಚಿನವರಿಗೆ ತಿಳಿಯಲೇ ಇಲ್ಲ. ಕೇನ್ ಮಾತ್ರ ಸಂಭ್ರಮಿಸುತ್ತ ಓಡುತ್ತಿದ್ದರು. ಶಿಕಾಗೊ 1961ರ ನಂತರ ಮೊದಲ ಬಾರಿಗೆ ಸ್ಟ್ಯಾನ್ಲಿ ಕಪ್ ಗೆದ್ದಿತು. ಫಿಲಡೆಲ್ಫಿಯಾ ಕೊನೆಯದಾಗಿ ಅದನ್ನು ಗೆದ್ದದ್ದು 1975ರಲ್ಲಿ, ಟಿಮೊನೆನ್ ಹುಟ್ಟಿದ ವರ್ಷ.

ಈ ಸೋಲಿನ ನಂತರವೂ ಅವರ ಆಟದ ಮಟ್ಟ ಇಳಿಯಲಿಲ್ಲ. 2012–13ರ ಋತುವಿನಲ್ಲಿ, 38ನೆಯ ವಯಸ್ಸಿನ ಆಸುಪಾಸಿನಲ್ಲಿ, ಎನ್‌ಎಚ್‌ಎಲ್‌ನಲ್ಲಿ ತಮ್ಮ 1,000ನೆಯ ಪಂದ್ಯವನ್ನಾಡಿದರು. ತಂಡದ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ನೀಡುವ ಬ್ಯಾರಿ ಆಶ್‌ಬೀ ಪ್ರಶಸ್ತಿಯನ್ನು ಫಿಲಡೆಲ್ಫಿಯಾದಲ್ಲಿದ್ದ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪಡೆದರು. 2013–14ರಲ್ಲಿಯೂ ಪ್ರತಿ ಪಂದ್ಯದಲ್ಲಿ ಸರಾಸರಿ 20 ನಿಮಿಷದಷ್ಟು ಅಂಕಣದಲ್ಲಿದ್ದರು. 2014ರ ಜೂನ್‌ನಲ್ಲಿ ಇನ್ನೊಂದು ವರ್ಷಕ್ಕೆ ಒಪ್ಪಂದ ಮಾಡಿಕೊಂಡು, ಅದೇ ತಮ್ಮ ಕೊನೆಯ ಋತುವೆಂದು ನಿಶ್ಚಯಿಸಿದರು.

### ಅನಾರೋಗ್ಯ

2014ರ ಆಗಸ್ಟ್‌ನಲ್ಲಿ ಫಿನ್ಲೆಂಡಿನಲ್ಲಿದ್ದಾಗ ಅವರ ಬಲಗಾಲಿನಲ್ಲಿಯೂ ಎರಡೂ ಶ್ವಾಸಕೋಶಗಳಲ್ಲಿಯೂ ರಕ್ತ ಹೆಪ್ಪುಗಟ್ಟಿರುವುದು ಪತ್ತೆಯಾಯಿತು. ಕಾಲಿನ ಆಳದ ರಕ್ತನಾಳಗಳಲ್ಲಿ ಉಂಟಾಗುವ ಹೆಪ್ಪು ಕಳಚಿಕೊಂಡು ರಕ್ತದೊಡನೆ ಹರಿದು ಶ್ವಾಸಕೋಶದ ನಾಳಗಳನ್ನು ಮುಚ್ಚಿಬಿಡಬಹುದು. ಅದು ಪ್ರಾಣಾಪಾಯದ ಸ್ಥಿತಿ. ಇದಕ್ಕೆ ಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳನ್ನು ತಿಂಗಳುಗಟ್ಟಲೆ ನೀಡಲಾಗುತ್ತದೆ.

ಐಸ್ ಹಾಕಿ ಆಟಗಾರನಿಗೆ ಈ ಚಿಕಿತ್ಸೆಯೇ ಒಂದು ತಡೆಗೋಡೆ. ಔಷಧದ ಪ್ರಭಾವದಲ್ಲಿರುವಾಗ ಗಾಯವಾದರೆ ರಕ್ತಸ್ರಾವ ಸುಲಭವಾಗಿ ನಿಲ್ಲುವುದಿಲ್ಲ. ತಲೆಗೋ ಹೊಟ್ಟೆಗೋ ಪೆಟ್ಟು ಬಿದ್ದರೆ ಒಳಗಿನ ರಕ್ತಸ್ರಾವದಿಂದ ಜೀವಕ್ಕೇ ಅಪಾಯ. ಎದುರಾಳಿಗಳು ಮೈಗೆ ಮೈ ತಾಗಿಸಿ ಡಿಕ್ಕಿ ಹೊಡೆಯುವ, ರಕ್ಷಣಾ ಆಟಗಾರರು ವೇಗವಾಗಿ ಬರುವ ಪಕ್ಕನ್ನು ತಮ್ಮ ದೇಹದಿಂದಲೇ ತಡೆಯುವ ಆಟದಲ್ಲಿ ಆ ಔಷಧ ಸೇವಿಸುತ್ತಾ ಆಡುವಂತಿಲ್ಲ. ಔಷಧ ನಿಲ್ಲಿಸಿದರೆ ಹೆಪ್ಪು ಮರುಕಳಿಸುವ ಭಯ. 39 ವರ್ಷದ ಟಿಮೊನೆನ್ ಅವರಿಗೆ 2008ರಲ್ಲಿಯೂ ಇದೇ ತೊಂದರೆ ಕಾಣಿಸಿಕೊಂಡಿದ್ದುದರಿಂದ, ಅವರು ಮರಳಿ ಆಡುವ ಸಾಧ್ಯತೆ ಕಡಿಮೆಯೆಂದೇ ಕ್ರೀಡಾವಲಯದಲ್ಲಿ ಎಣಿಕೆಯಿತ್ತು. ತಿಂಗಳುಗಳ ಚಿಕಿತ್ಸೆ ಮತ್ತು ವೈದ್ಯಕೀಯ ಪರೀಕ್ಷೆಗಳ ನಂತರ 2015ರ ಆರಂಭದಲ್ಲಿ ಅವರು ಮತ್ತೆ ಸ್ಕೇಟಿಂಗ್ ಅಭ್ಯಾಸಕ್ಕೆ ಇಳಿದರು.

### ಶಿಕಾಗೊ ಬ್ಲ್ಯಾಕ್‌ಹಾಕ್ಸ್ (2015)

ಆ ಹೊತ್ತಿಗೆ ಫಿಲಡೆಲ್ಫಿಯಾ ತಂಡಕ್ಕೆ ಪ್ರಶಸ್ತಿಯ ಆಸೆ ಉಳಿದಿರಲಿಲ್ಲ. 2015ರ ಫೆಬ್ರವರಿ 27ರಂದು, ಎರಡು ಡ್ರಾಫ್ಟ್ ಅವಕಾಶಗಳಿಗೆ ಬದಲಾಗಿ, ಟಿಮೊನೆನ್ ಶಿಕಾಗೊ ತಂಡಕ್ಕೆ ವರ್ಗವಾದರು. ಹತ್ತು ತಿಂಗಳಿಂದ ಒಂದೂ ಪಂದ್ಯವಾಡದ ಆಟಗಾರನನ್ನು ಪ್ರಶಸ್ತಿಯ ಸ್ಪರ್ಧೆಯಲ್ಲಿದ್ದ ತಂಡವೊಂದು ಪಡೆದುಕೊಳ್ಳಲು ಅವರ ಅನುಭವದ ಮೇಲಿನ ನಂಬಿಕೆಯೇ ಕಾರಣ. ಐದು ವರ್ಷಗಳ ಹಿಂದೆ ತಮ್ಮನ್ನು ದಾಟಿ ಗೋಲು ಹೊಡೆದ ಕೇನ್ ಈಗ ಅವರ ಸಹ ಆಟಗಾರರಾದರು.

ಹಳೆಯ ವೇಗ ಮರಳಿರಲಿಲ್ಲ. ಲೀಗ್ ಹಂತದ 16 ಮತ್ತು ಪ್ಲೇಆಫ್‌ನ 18 ಪಂದ್ಯಗಳಲ್ಲಿ ಆಡಿದ ಅವರ ಹೆಸರಿನಲ್ಲಿ ಒಂದು ಗೋಲಾಗಲಿ ನೆರವಾಗಲಿ ದಾಖಲಾಗಲಿಲ್ಲ. ತರಬೇತುದಾರ ಜೋಯಲ್ ಕ್ವೆನ್‌ವಿಲ್ ಅವರಿಗೆ ಸೀಮಿತ ಅವಧಿಯ ಹೊಣೆಯನ್ನಷ್ಟೇ ಕೊಡುತ್ತಿದ್ದರು. ಕೆಲವು ಪಂದ್ಯಗಳಲ್ಲಿ ಅವರು ಹೊರಗುಳಿದರು. ಪ್ಲೇಆಫ್ ಮಧ್ಯದಲ್ಲಿ ರಕ್ಷಣಾ ಆಟಗಾರ ಮಿಖಾಲ್ ರೊಜ್ಸಿವಾಲ್ ಗಾಯಗೊಂಡು ಹೊರನಡೆದಾಗ, ಉಳಿದ ಸ್ಥಾನಗಳನ್ನು ತುಂಬಿದವರಲ್ಲಿ ಟಿಮೊನೆನ್ ಒಬ್ಬರು.

2015ರ ಜೂನ್ 15ರಂದು ಶಿಕಾಗೊದ ಯುನೈಟೆಡ್ ಸೆಂಟರ್‌ನಲ್ಲಿ ನಡೆದ ಆರನೆಯ ಫೈನಲ್ ಪಂದ್ಯದಲ್ಲಿ ಬ್ಲ್ಯಾಕ್‌ಹಾಕ್ಸ್ ತಂಡ ಟ್ಯಾಂಪಾ ಬೇ ಲೈಟ್ನಿಂಗ್ ತಂಡವನ್ನು 2–0ರಿಂದ ಮಣಿಸಿ ಪ್ರಶಸ್ತಿ ಗೆದ್ದಿತು. ಗೋಲು ಗಳಿಸಿದವರು ಡಂಕನ್ ಕೀತ್ ಮತ್ತು ಕೇನ್. ಗೆದ್ದ ತಂಡದ ನಾಯಕ ಮೊದಲು ಕಪ್ ಸ್ವೀಕರಿಸಿ, ಅನಂತರ ತಾನು ಆರಿಸಿದ ಆಟಗಾರನ ಕೈಗೆ ಕೊಡುವುದು ಈ ಲೀಗ್‌ನ ಸಂಪ್ರದಾಯ. ಎರಡನೆಯವನಾಗಿ ಕಪ್ ಎತ್ತುವುದು ದೊಡ್ಡ ಗೌರವ. ಸಾಮಾನ್ಯವಾಗಿ ಅದು ಬಹುಕಾಲ ಕಾದ ಹಿರಿಯನಿಗೆ ಸಲ್ಲುತ್ತದೆ. ನಾಯಕ ಜೊನಾಥನ್ ಟೇವ್ಸ್, ಮೂರೂವರೆ ತಿಂಗಳ ಹಿಂದಷ್ಟೇ ತಂಡ ಸೇರಿದ್ದ ಟಿಮೊನೆನ್ ಅವರ ಕೈಗೆ ಕಪ್ ನೀಡಿದರು. ವಿಜೇತರ ಸಾಲಿನಲ್ಲಿ ಟಿಮೊನೆನ್ ಅವರ ಹೆಸರನ್ನೂ ಕಪ್ ಮೇಲೆ ಕೆತ್ತಲಾಗಿದೆ. 40 ವರ್ಷದ ಅವರ ಕೊನೆಯ ಋತು ಅಲ್ಲಿಗೆ ಮುಗಿಯಿತು.

## ಅಂತರರಾಷ್ಟ್ರೀಯ ಆಟ

ಸುಮಾರು 55 ಲಕ್ಷ ಜನಸಂಖ್ಯೆಯ ಫಿನ್ಲೆಂಡ್, 1990ರ ದಶಕದ ಮಧ್ಯಭಾಗದಿಂದ ವಿಶ್ವದ ಪ್ರಮುಖ ಐಸ್ ಹಾಕಿ ರಾಷ್ಟ್ರಗಳ ಸಾಲಿನಲ್ಲಿ ನಿಂತಿತು. ಟೀಮು ಸೆಲಾನ್ನೆ, ಸಾಕು ಕೊಯಿವು, ಯೆರೆ ಲೆಹ್ಟಿನೆನ್ ಮುಂತಾದ ಮುಂಚೂಣಿ ಆಟಗಾರರೂ ಟೆಪ್ಪೊ ನುಮ್ಮಿನೆನ್, ಟಿಮೊನೆನ್ ಮುಂತಾದ ರಕ್ಷಣಾ ಆಟಗಾರರೂ ಈ ಪೀಳಿಗೆಗೆ ಸೇರಿದವರು.

ಟಿಮೊನೆನ್ ಭಾಗವಹಿಸಿದ ಒಲಿಂಪಿಕ್ಸ್‌ಗಳ ವಿವರ ಹೀಗಿದೆ:

* 1998, ನಾಗಾನೊ: ಕಂಚು. ಮೂರನೆಯ ಸ್ಥಾನದ ಪಂದ್ಯದಲ್ಲಿ ಕೆನಡಾ ವಿರುದ್ಧ 3–2ರ ಗೆಲುವು.
* 2002, ಸಾಲ್ಟ್ ಲೇಕ್ ಸಿಟಿ: ಕ್ವಾರ್ಟರ್ ಫೈನಲ್‌ನಲ್ಲಿ ಕೆನಡಾ ವಿರುದ್ಧ ಸೋಲು.
* 2006, ಟ್ಯೂರಿನ್: ಬೆಳ್ಳಿ. ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ 2–3ರ ಸೋಲು.
* 2010, ವ್ಯಾಂಕೂವರ್: ಕಂಚು. ಸ್ಲೊವಾಕಿಯಾ ವಿರುದ್ಧ 5–3ರ ಗೆಲುವು.
* 2014, ಸೋಚಿ: ಕಂಚು. ಅಮೆರಿಕ ವಿರುದ್ಧ 5–0ರ ಗೆಲುವು.

ಇವುಗಳಲ್ಲಿ ಟ್ಯೂರಿನ್ ಕೂಟ ಫಿನ್ಲೆಂಡಿಗೆ ಚಿನ್ನದ ಅತಿ ಸಮೀಪಕ್ಕೆ ಬಂದ ಸಂದರ್ಭ. ಗುಂಪಿನ ಹಂತದಿಂದ ಸೆಮಿಫೈನಲ್‌ವರೆಗೆ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಸೆಮಿಫೈನಲ್‌ನಲ್ಲಿ ರಷ್ಯಾವನ್ನು 4–0ರಿಂದ ಸೋಲಿಸಿತ್ತು. ಫೈನಲ್‌ನ ಮೊದಲ ಗೋಲನ್ನು ಪವರ್ ಪ್ಲೇ ಅವಧಿಯಲ್ಲಿ ಟಿಮೊನೆನ್ ಅವರೇ ಗಳಿಸಿದರು. ಪಂದ್ಯ 2–2ರಲ್ಲಿ ಸಮವಾಗಿದ್ದಾಗ, ಮೂರನೆಯ ಅವಧಿ ಆರಂಭವಾದ ಹತ್ತನೆಯ ಸೆಕೆಂಡಿನಲ್ಲಿ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್ ಹೊಡೆದ ಗೋಲು ಚಿನ್ನವನ್ನು ನೆರೆಯ ದೇಶಕ್ಕೆ ಕೊಟ್ಟಿತು. ಫಿನ್ಲೆಂಡ್ ತನ್ನ ಮೊದಲ ಒಲಿಂಪಿಕ್ ಚಿನ್ನಕ್ಕಾಗಿ 2022ರ ಬೀಜಿಂಗ್ ಕೂಟದವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಟಿಮೊನೆನ್ ಅವರ ಪೀಳಿಗೆ ಆಟದಿಂದ ನಿವೃತ್ತವಾಗಿತ್ತು.

ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಟಿಮೊನೆನ್ 1998, 1999 ಮತ್ತು 2001ರಲ್ಲಿ ಬೆಳ್ಳಿ ಪದಕ ಪಡೆದರು. 2004ರ ಹಾಕಿ ವಿಶ್ವಕಪ್‌ನಲ್ಲಿ ಎರಡನೆಯ ಸ್ಥಾನ ಗಳಿಸಿದ ಫಿನ್ಲೆಂಡ್ ತಂಡದಲ್ಲಿಯೂ ಅವರಿದ್ದರು.

## ಆಟದ ಶೈಲಿ

ಟಿಮೊನೆನ್ ಅವರ ಎತ್ತರ ಸುಮಾರು 178 ಸೆಂಟಿಮೀಟರ್. ಅವರು ಎನ್‌ಎಚ್‌ಎಲ್‌ಗೆ ಕಾಲಿಟ್ಟ ಕಾಲದಲ್ಲಿ ರಕ್ಷಣಾ ಆಟಗಾರರನ್ನು ಆರಿಸುವಾಗ ಎತ್ತರ ಮತ್ತು ದೇಹಬಲಗಳಿಗೆ ಮೊದಲ ಪ್ರಾಶಸ್ತ್ಯವಿತ್ತು. 185 ಸೆಂಟಿಮೀಟರಿಗೂ ಎತ್ತರದವರೇ ಹೆಚ್ಚಾಗಿದ್ದರು. ಡ್ರಾಫ್ಟ್‌ನಲ್ಲಿ ಅವರಿಗೆ ಸಿಕ್ಕ ಸ್ಥಾನದ ಹಿಂದೆ ಈ ದೃಷ್ಟಿಯ ಪ್ರಭಾವವನ್ನು ಕಾಣಬಹುದು. ದೊಡ್ಡ ಆಳುಗಳನ್ನು ಬಲದಿಂದ ತಳ್ಳಲಾಗದ ಕೊರತೆಯನ್ನು ಅವರು ನಿಲ್ಲುವ ಜಾಗದ ಆಯ್ಕೆಯಿಂದ ತುಂಬಿಕೊಂಡರು. ಎದುರಾಳಿ ಎತ್ತ ಸಾಗುವನೆಂದು ಮೊದಲೇ ಊಹಿಸಿ ಆ ದಾರಿಯನ್ನು ಕಟ್ಟುವುದು, ಕೋಲನ್ನು ಸರಿಯಾದ ಕೋನದಲ್ಲಿಟ್ಟು ಪಾಸ್ ಕತ್ತರಿಸುವುದು ಅವರ ಕ್ರಮ. ಪಕ್ ಕೈಗೆ ಬಂದ ಕೂಡಲೇ ಮುಂಚೂಣಿಗೆ ನೀಡುತ್ತಿದ್ದ ಮೊದಲ ಪಾಸ್ ಅವರ ಆಟದ ಮುಖ್ಯ ಗುಣ. ಈ ಪಾಸ್ ನಿಖರವಾಗಿದ್ದರೆ ತಂಡ ರಕ್ಷಣೆಯಿಂದ ದಾಳಿಗೆ ಒಮ್ಮೆಗೇ ಹೊರಳುತ್ತದೆ. ಪವರ್ ಪ್ಲೇಯಲ್ಲಿ ಅಂಕಣದ ಹಿಂಭಾಗದಿಂದ ಆಟವನ್ನು ನಡೆಸುವ ಹೊಣೆಯೂ ಬಹುಪಾಲು ಅವರದ್ದಾಗಿತ್ತು.

ಅವರ ಆಟದ ನೆಚ್ಚಿಕೆಯನ್ನು ಅಂಕಿ ಅಂಶಗಳೂ ತೋರಿಸುತ್ತವೆ. 2000–01ರಿಂದ 2013–14ರವರೆಗೆ ನಡೆದ 13 ಋತುಗಳಲ್ಲಿ, ಪಂದ್ಯಗಳ ಸಂಖ್ಯೆಯನ್ನು 48ಕ್ಕೆ ಇಳಿಸಿದ 2012–13ನ್ನು ಬಿಟ್ಟರೆ, ಒಂದರಲ್ಲಿಯೂ ಅವರು 72ಕ್ಕಿಂತ ಕಡಿಮೆ ಪಂದ್ಯಗಳನ್ನಾಡಲಿಲ್ಲ. ನಾಲ್ಕು ಋತುಗಳಲ್ಲಿ ಎಲ್ಲ 82 ಪಂದ್ಯಗಳಲ್ಲೂ ಆಡಿದರು. 2001–02ರಿಂದ 2011–12ರವರೆಗಿನ ಹತ್ತು ಋತುಗಳಲ್ಲಿ ಪ್ರತಿ ಬಾರಿಯೂ 37 ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿದರು. 2004, 2008 ಮತ್ತು 2012 ಸೇರಿದಂತೆ ಹಲವು ಬಾರಿ ಲೀಗ್‌ನ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು.

## ಋತುವಾರು ಸಾಧನೆ

ಕೆಳಗಿನ ಪಟ್ಟಿ ಎನ್‌ಎಚ್‌ಎಲ್‌ನ ಲೀಗ್ ಹಂತಕ್ಕೆ ಮಾತ್ರ ಸಂಬಂಧಿಸಿದೆ. ಗೋಲು ಮತ್ತು ನೆರವುಗಳ ಮೊತ್ತವೇ ಅಂಕ. ಒಂದು ಗೋಲಿಗೆ ಗರಿಷ್ಠ ಇಬ್ಬರು ಆಟಗಾರರ ಹೆಸರಿನಲ್ಲಿ ನೆರವನ್ನು ದಾಖಲಿಸಲಾಗುತ್ತದೆ.

| ಋತು | ತಂಡ | ಪಂದ್ಯ | ಗೋಲು | ನೆರವು | ಅಂಕ |
|---|---|---|---|---|---|
| 1998–99 | ನ್ಯಾಶ್‌ವಿಲ್ | 50 | 4 | 8 | 12 |
| 1999–2000 | ನ್ಯಾಶ್‌ವಿಲ್ | 51 | 8 | 25 | 33 |
| 2000–01 | ನ್ಯಾಶ್‌ವಿಲ್ | 82 | 12 | 13 | 25 |
| 2001–02 | ನ್ಯಾಶ್‌ವಿಲ್ | 82 | 13 | 29 | 42 |
| 2002–03 | ನ್ಯಾಶ್‌ವಿಲ್ | 72 | 6 | 34 | 40 |
| 2003–04 | ನ್ಯಾಶ್‌ವಿಲ್ | 77 | 12 | 32 | 44 |
| 2005–06 | ನ್ಯಾಶ್‌ವಿಲ್ | 79 | 11 | 39 | 50 |
| 2006–07 | ನ್ಯಾಶ್‌ವಿಲ್ | 80 | 13 | 42 | 55 |
| 2007–08 | ಫಿಲಡೆಲ್ಫಿಯಾ | 80 | 8 | 36 | 44 |
| 2008–09 | ಫಿಲಡೆಲ್ಫಿಯಾ | 77 | 3 | 40 | 43 |
| 2009–10 | ಫಿಲಡೆಲ್ಫಿಯಾ | 82 | 6 | 33 | 39 |
| 2010–11 | ಫಿಲಡೆಲ್ಫಿಯಾ | 82 | 6 | 31 | 37 |
| 2011–12 | ಫಿಲಡೆಲ್ಫಿಯಾ | 76 | 4 | 39 | 43 |
| 2012–13 | ಫಿಲಡೆಲ್ಫಿಯಾ | 45 | 5 | 24 | 29 |
| 2013–14 | ಫಿಲಡೆಲ್ಫಿಯಾ | 77 | 6 | 29 | 35 |
| 2014–15 | ಶಿಕಾಗೊ | 16 | 0 | 0 | 0 |
| ಒಟ್ಟು | | 1,108 | 117 | 454 | 571 |

## ಪ್ರಶಸ್ತಿ ಮತ್ತು ಗೌರವಗಳು

* ಸ್ಟ್ಯಾನ್ಲಿ ಕಪ್: 2015 (ಶಿಕಾಗೊ ಬ್ಲ್ಯಾಕ್‌ಹಾಕ್ಸ್)
* ಎಸ್‌ಎಮ್-ಲೀಗಾ ಪ್ರಶಸ್ತಿ: 1995 (ಟಿಪಿಎಸ್), 1998 (ಎಚ್‌ಐಎಫ್‌ಕೆ)
* ಒಲಿಂಪಿಕ್ ಬೆಳ್ಳಿ: 2006
* ಒಲಿಂಪಿಕ್ ಕಂಚು: 1998, 2010, 2014
* ವಿಶ್ವ ಚಾಂಪಿಯನ್‌ಶಿಪ್ ಬೆಳ್ಳಿ: 1998, 1999, 2001
* ಹಾಕಿ ವಿಶ್ವಕಪ್, ಎರಡನೆಯ ಸ್ಥಾನ: 2004
* ನ್ಯಾಶ್‌ವಿಲ್ ಪ್ರೆಡೇಟರ್ಸ್ ತಂಡದ ನಾಯಕತ್ವ: 2006–07
* ಬ್ಯಾರಿ ಆಶ್‌ಬೀ ಪ್ರಶಸ್ತಿ (ಫಿಲಡೆಲ್ಫಿಯಾ ಫ್ಲೈಯರ್ಸ್)